ನೆಲದ ಮೇಲೆ ನಿಂತ ಹಡಗು: ಶೆನ್‌ಜೆನ್‌ನ ನಾನ್‌ಶಾನ್ ಬರೀ ಮೀನುಗಾರರ ಹಳ್ಳಿಯಾಗಿತ್ತಾ?

ಪ್ರಶ್ನೆ: ನನ್ನ ಮಗಳು ಕಂಪನಿ ಕೆಲಸದ ಮೇಲೆ ಆರು ತಿಂಗಳಿಗೆ ಚೀನಾದ ಶೆನ್‌ಜೆನ್‌ಗೆ ಹೋಗಿದ್ದಾಳೆ. ನಾನ್‌ಶಾನ್ ಅನ್ನೋ ಜಿಲ್ಲೆಯಲ್ಲಿ ಮನೆ. ದೊಡ್ಡ ದೊಡ್ಡ ಟವರ್‌ಗಳ ಫೋಟೊ ಕಳಿಸಿ, "ಅಮ್ಮಾ, ನಲವತ್ತು ವರ್ಷದ ಹಿಂದೆ ಇಲ್ಲಿ ಬರೀ ಮೀನುಗಾರರ ಗುಡಿಸಲು ಇದ್ದವಂತೆ" ಅಂತಾಳೆ. ಮೊನ್ನೆ ಹೋಟೆಲು, ಅಂಗಡಿಗಳ ಮಧ್ಯೆ ನಿಂತ ಒಂದು ಭಾರೀ ಹಡಗಿನ ಫೋಟೊ ಬಂತು. ಸುತ್ತ ಎಲ್ಲೂ ಸಮುದ್ರ ಕಾಣಲಿಲ್ಲ. ಇದೆಲ್ಲ ಇಷ್ಟು ಬೇಗ ಆಗಿದ್ದು ಹೇಗೆ? ಅಲ್ಲಿದ್ದ ಹಳ್ಳಿಯವರು ಏನಾದರು?
(ಓದುಗರು, ಮೈಸೂರು)

ಉತ್ತರ: ನಿಮ್ಮ ಮಗಳು ಕೇಳಿದ ಕಥೆಯನ್ನು ಶೆನ್‌ಜೆನ್‌ಗೆ ಹೋದವರೆಲ್ಲ ಕೇಳಿರುತ್ತಾರೆ. ಟ್ಯಾಕ್ಸಿಯವರು ಹೇಳುತ್ತಾರೆ, ಪತ್ರಿಕೆಗಳು ಬರೆಯುತ್ತವೆ. ಅರ್ಧ ನಿಜ ಅಷ್ಟೇ. ಮೀನುಗಾರರು ಇದ್ದರು, ಆದರೆ ಅದು "ಬರೀ" ಹಳ್ಳಿಯಾಗಿರಲಿಲ್ಲ. ಹಾಂಗ್‌ಕಾಂಗ್ ಅನ್ನೋ ಹೆಸರನ್ನು ಲೋಕ ಕೇಳುವ ಮೊದಲು, ಹಾಂಗ್‌ಕಾಂಗನ್ನು ಆಳುತ್ತಿದ್ದ ಕಚೇರಿ ಇದ್ದದ್ದು ಈಗಿನ ನಾನ್‌ಶಾನ್‌ನಲ್ಲೇ.

ಮೊದಲು ಒಂದು ಮಾತು. ಇಲ್ಲಿ ಜಿಲ್ಲೆ ಅಂದರೆ ನಮ್ಮ ಮಂಡ್ಯ, ಹಾಸನದ ತರಹ ಅಲ್ಲ. ಒಂದೇ ನಗರದ ಒಳಗಿನ ಭಾಗ. ಶೆನ್‌ಜೆನ್‌ನ ಪಶ್ಚಿಮಕ್ಕೆ ಸಮುದ್ರಕ್ಕೆ ಚಾಚಿಕೊಂಡಿರುವ ನೆಲವೂ ಅದರ ಬೆನ್ನಿನ ಬೆಟ್ಟಗಳೂ ಸೇರಿ ನಾನ್‌ಶಾನ್. ಹೆಸರಿನ ಅರ್ಥ ತೆಂಕಣ ಬೆಟ್ಟ. 2020ರ ಜನಗಣತಿಯಲ್ಲಿ ಇದೊಂದೇ ಜಿಲ್ಲೆಯಲ್ಲಿ ಸುಮಾರು 18 ಲಕ್ಷ ಜನ ಇದ್ದರು.

ಅಲ್ಲಿ ನಾನ್‌ಟೌ ಅಂತ ಒಂದು ಹಳೆಯ ಕೋಟೆ ಊರಿದೆ. ಕ್ರಿ.ಶ. 331ರಲ್ಲೇ ಅದು ಒಂದು ದೊಡ್ಡ ಪ್ರಾಂತ್ಯದ ಆಡಳಿತ ಕೇಂದ್ರ. ಕಡಲ ದಂಡೆ ಆದ್ದರಿಂದ ಉಪ್ಪಿನ ವ್ಯವಹಾರ ಜೋರು. ಈಗ ಕಾಣುವ ಕೋಟೆ ಮಿಂಗ್ ಅರಸರು 1394ರಲ್ಲಿ ಕಟ್ಟಿಸಿದ್ದು. 1573ರಲ್ಲಿ ಶಿನ್‌ಆನ್ ಅನ್ನೋ ತಾಲೂಕು ಮಾಡಿದಾಗ ಅದಕ್ಕೂ ಇದೇ ಕೇಂದ್ರವಾಯಿತು. ಈಗಿನ ಶೆನ್‌ಜೆನ್, ಈಗಿನ ಹಾಂಗ್‌ಕಾಂಗ್ ಎರಡೂ ಆ ತಾಲೂಕಿಗೆ ಸೇರಿದ್ದವು. ಬ್ರಿಟಿಷರು 1842ರಲ್ಲಿ ಹಾಂಗ್‌ಕಾಂಗ್ ದ್ವೀಪ, 1860ರಲ್ಲಿ ಕೌಲೂನ್, 1898ರಲ್ಲಿ ಅದರಾಚೆಯ ಊರುಗಳನ್ನು ಒಂದೊಂದಾಗಿ ಕಿತ್ತುಕೊಂಡದ್ದು ಈ ತಾಲೂಕಿನಿಂದಲೇ. ಅಂದರೆ ಹಾಂಗ್‌ಕಾಂಗ್ ಶೆನ್‌ಜೆನ್‌ನ ಅಣ್ಣ ಅಲ್ಲ. ಪಾಲು ಒಡೆದು ಬೇರೆ ಹೋದ ಮನೆ.

ಹಾಗಾದರೆ ನಾನ್‌ಟೌ ಮಂಕಾಗಿದ್ದು ಯಾಕೆ? ರೈಲಿನಿಂದ. 1911ರಲ್ಲಿ ಕೌಲೂನ್‌ನಿಂದ ಗ್ವಾಂಗ್‌ಜೌಗೆ ರೈಲು ಓಡಿದಾಗ ಅದು ನಾನ್‌ಟೌಗೆ ಬರಲಿಲ್ಲ. ದೂರದಲ್ಲಿ ಪೂರ್ವಕ್ಕೆ ಶೆನ್‌ಜೆನ್ ಅನ್ನೋ ಸಂತೆ ಊರಿನ ಮೇಲೆ ಹೋಯಿತು. 1953ರಲ್ಲಿ ತಾಲೂಕು ಕಚೇರಿಯೂ ಗಂಟುಮೂಟೆ ಕಟ್ಟಿಕೊಂಡು ಆ ಕಡೆ ಹೋಯಿತು. ರೈಲು ತಪ್ಪಿ ಕಳೆಗುಂದಿದ ಪೇಟೆಗಳು ನಮ್ಮಲ್ಲೂ ಇವೆಯಲ್ಲ, ಹಾಗೆ. ಶೆನ್‌ಜೆನ್ ಅಂದರೆ ಗದ್ದೆ ಪಕ್ಕದ ಆಳವಾದ ಕಾಲುವೆ ಅಂತ ಅರ್ಥ. ಆ ಕಾಲುವೆಯ ಹೆಸರೇ ಇವತ್ತು ಇಡೀ ಮಹಾನಗರಕ್ಕೆ. 1600 ವರ್ಷದ ಇತಿಹಾಸ ಇದ್ದ ಊರು ಅದರ ಒಂದು ಮೂಲೆಯ ಬೀದಿ.

ಇನ್ನು 1950ರಿಂದ 1980ರವರೆಗಿನ ಕಾಲ. ಇದನ್ನು ಫೋಟೊ ಕಳಿಸುವವರು ಹೇಳುವುದು ಕಡಿಮೆ. ನಾನ್‌ಶಾನ್‌ನ ಪೂರ್ವಕ್ಕೆ ಒಂದು ಕೊಲ್ಲಿ ಇದೆ. ಆಚೆ ದಡ ಹಾಂಗ್‌ಕಾಂಗ್, ಬರಿಗಣ್ಣಿಗೆ ಕಾಣುತ್ತದೆ. ಈ ದಡದಲ್ಲಿ ಹಸಿವು, ಆ ದಡದಲ್ಲಿ ದೀಪ. ಜನ ರಾತ್ರಿ ನೀರಿಗಿಳಿದು ಈಜಿದರು. ಬ್ಯಾಸ್ಕೆಟ್‌ಬಾಲ್ ಒಳಗಿನ ರಬ್ಬರ್ ಬ್ಲಾಡರ್, ಟೈರಿನ ಟ್ಯೂಬು, ಏನು ಸಿಕ್ಕರೆ ಅದನ್ನು ಮೈಗೆ ಕಟ್ಟಿಕೊಂಡರು. ಆ ಕೊಲ್ಲಿಯಲ್ಲಿ ಆಯ್ಸ್ಟರ್ ಸಿಂಪಿ ಬೆಳೆಸುತ್ತಿದ್ದರು. ಬ್ಲೇಡಿನಂಥ ಚಿಪ್ಪುಗಳು ಕಾಲು ಕೊಯ್ದುಬಿಡುತ್ತಿದ್ದವು. ದಾಟಿದವರು ದಾಟಿದರು, ದಾಟದವರ ಹೆಣ ಅಲೆಯ ಜೊತೆ ವಾಪಸ್ ಬರುತ್ತಿತ್ತು. 1957, 1962, 1972, 1979 ಹೀಗೆ ಕೆಲವು ವರ್ಷ ಪ್ರವಾಹದಂತೆ ಹೋದರು. ಊರೂರೇ ಖಾಲಿಯಾಯಿತು. 1974ರಿಂದ ಹಾಂಗ್‌ಕಾಂಗ್ ಸರ್ಕಾರದ ನಿಯಮವೂ ಹಾಗೇ ಇತ್ತು: ಗಡಿಯಲ್ಲಿ ಸಿಕ್ಕಿಬಿದ್ದರೆ ವಾಪಸ್, ನಗರ ಮುಟ್ಟಿಬಿಟ್ಟರೆ ಇರಬಹುದು. ಕುಂಟೆಬಿಲ್ಲೆ ಆಟದ ಮನೆ ಇದ್ದ ಹಾಗೆ. 1980ರ ಅಕ್ಟೋಬರ್‌ನಲ್ಲಿ ಆ ಬಾಗಿಲು ಮುಚ್ಚಿತು.

ಓಡಿಹೋಗುವವರನ್ನು ಬಂದೂಕಿನಿಂದ ತಡೆಯೋಕೆ ಆಗಲ್ಲ, ಇಲ್ಲೇ ಹೊಟ್ಟೆ ತುಂಬಬೇಕು. ಅಲ್ಲಿನ ಅಧಿಕಾರಿಗಳಿಗೆ ಇದು ಹೊಳೆದದ್ದು ಈ ಕೊಲ್ಲಿಯ ದಡದಲ್ಲೇ. ಶೆನ್‌ಜೆನ್‌ನ ನಿಜವಾದ ಶುರು ಇದು ಅಂತ ನನ್ನ ಅನಿಸಿಕೆ. ಯಾವುದೋ ದೊಡ್ಡ ಮಾಸ್ಟರ್ ಪ್ಲಾನ್ ಅಲ್ಲ.

ಈಗ ಯುವಾನ್ ಗೆಂಗ್ ಅನ್ನೋ ಮನುಷ್ಯನ ಕಥೆಗೆ ಬರೋಣ. ಇದೇ ಸೀಮೆಯವರು, 1917ರಲ್ಲಿ ಹುಟ್ಟಿದವರು. ಜಪಾನೀಯರ ವಿರುದ್ಧ ಗೆರಿಲ್ಲಾ ಪಡೆಯಲ್ಲಿ ಬೇಹುಗಾರಿಕೆ ಮಾಡಿದ್ದರು. ಸಾಂಸ್ಕೃತಿಕ ಕ್ರಾಂತಿ ಅನ್ನೋ ಮಾವೊ ಕಾಲದ ರಾಜಕೀಯ ದಾಂಧಲೆಯಲ್ಲಿ ತಮ್ಮದೇ ಪಕ್ಷದವರ ಕೈಯಲ್ಲಿ ಐದು ವರ್ಷ ಜೈಲು ಕಂಡಿದ್ದರು. 1978ರಲ್ಲಿ, ಅರವತ್ತು ದಾಟಿದ ಮೇಲೆ, ಅವರನ್ನು ಹಾಂಗ್‌ಕಾಂಗ್‌ನ ಚೈನಾ ಮರ್ಚಂಟ್ಸ್ ಕಂಪನಿಗೆ ಕಳಿಸಿದರು. 1872ರಲ್ಲಿ ಶುರುವಾದ ಸರ್ಕಾರಿ ಹಡಗು ಕಂಪನಿ, ಆ ಹೊತ್ತಿಗೆ ಸೊರಗಿಹೋಗಿತ್ತು.

ಅವರು ಆಮೇಲೆ ಹೇಳಿಕೊಳ್ಳುತ್ತಿದ್ದ ಒಂದು ಪ್ರಸಂಗ ಇದೆ. ಕಂಪನಿಗೆ ಹಾಂಗ್‌ಕಾಂಗ್‌ನಲ್ಲಿ ಒಂದು ಕಟ್ಟಡ ಕೊಂಡರು. ಮಾರುವವರು "ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೇ ಬನ್ನಿ" ಅಂತ ಹಟ ಹಿಡಿದರು. ಸಹಿ ಹಾಕಿ ಚೆಕ್ ಕೈಗೆ ಬಂದದ್ದೇ ತಡ, ಓಡಿದರು. ಕೆಳಗೆ ಕಾರಿನ ಎಂಜಿನ್ ಆಫ್ ಮಾಡಿರಲೇ ಇಲ್ಲ. ಬ್ಯಾಂಕು ಮೂರಕ್ಕೆ ಮುಚ್ಚುತ್ತೆ, ಮುಂದೆ ಶನಿವಾರ ಭಾನುವಾರ. ಅವತ್ತೇ ಹಣ ಕಟ್ಟದಿದ್ದರೆ ಅಷ್ಟೂ ದಿನದ ಬಡ್ಡಿ ನಷ್ಟ! ಜೀವಮಾನವಿಡೀ ಬಡ್ಡಿ ಎಣಿಸಿ ಗೊತ್ತಿಲ್ಲದ ಕಮ್ಯುನಿಸ್ಟ್ ಮುದುಕರಿಗೆ ಇದು ಮನಸ್ಸಿನಲ್ಲಿ ನಾಟಿತು. ಕೆಲವು ವರ್ಷದ ಮೇಲೆ ಅವರು ಬೋರ್ಡ್ ಬರೆಸಿ ಹಾಕಿದರು: "ಸಮಯವೇ ಹಣ, ದಕ್ಷತೆಯೇ ಜೀವ". ಹಣ ಅನ್ನೋ ಪದ ಬಾಯಲ್ಲಿ ಬಂದರೂ ಅನುಮಾನದಿಂದ ನೋಡುತ್ತಿದ್ದ ಕಾಲ ಅದು. 1984ರ ರಾಷ್ಟ್ರೀಯ ದಿನದಂದು ಬೀಜಿಂಗ್‌ನ ಮೆರವಣಿಗೆಯಲ್ಲಿ ಅದೇ ಘೋಷಣೆ ಸ್ತಬ್ಧಚಿತ್ರದ ಮೇಲೆ ಹೋಯಿತು.

ಅವರಿಗೆ ಬೇಕಿದ್ದದ್ದು ಜಾಗ. ಹಳೆ ಹಡಗು ಒಡೆದು ಕಬ್ಬಿಣ ಮಾರುವುದು ಕಂಪನಿಯ ಒಂದು ಕಸುಬು. ಹಾಂಗ್‌ಕಾಂಗ್‌ನಲ್ಲಿ ನೆಲಕ್ಕೆ ಚಿನ್ನದ ಬೆಲೆ. ಎದುರು ದಡದಲ್ಲಿ ನೋಡಿದರೆ ನೆಲ ಸುಮ್ನೆ ಬಿದ್ದಿದೆ. 1979ರ ಜನವರಿ 31ರಂದು ಬೀಜಿಂಗ್‌ನಲ್ಲಿ ಹಿರಿಯ ನಾಯಕ ಲಿ ಶಿಯಾನ್‌ನಿಯಾನ್ ನಕ್ಷೆ ಬಿಡಿಸಿ, ಇಡೀ ಚಾಚುನೆಲವನ್ನೇ ತಗೊಳ್ಳಿ ಅಂದರಂತೆ. ಯುವಾನ್ ಗೆಂಗ್ ಹೆದರಿದರು. ತುದಿಯ ಸಣ್ಣ ತುಂಡು ಸಾಕು ಅಂದರು. ಆ ತುಂಡಿನ ಹೆಸರು ಶೆಕೌ, ಅಂದರೆ ಹಾವಿನ ಬಾಯಿ. ಬರೀ 2.14 ಚದರ ಕಿಲೋಮೀಟರ್, ನಮ್ಮ ಲೆಕ್ಕದಲ್ಲಿ ಸುಮಾರು 530 ಎಕರೆ. ಅದೇ ಆಸುಪಾಸಿನ ವರ್ಷಗಳಲ್ಲಿ ಬೆಂಗಳೂರಿನ ಹೊರಗೆ ಕಿಯೋನಿಕ್ಸ್ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರುಮಾಡಿತ್ತು ಅನ್ನೋದು ನೆನಪಿದ್ದರೆ ಈ ಜಾಗ ಎಷ್ಟಿತ್ತು ಅಂತ ಅಂದಾಜು ಸಿಗುತ್ತದೆ. ಇಡೀ ಚಾಚುನೆಲ ಯಾಕೆ ತಗೊಳ್ಳಲಿಲ್ಲವೋ ಅಂತ ಮುಂದೆ ಅವರೇ ಪೇಚಾಡಿದ್ದುಂಟು.

1979ರ ಜುಲೈನಲ್ಲಿ ಶೆಕೌ ಗುಡ್ಡಕ್ಕೆ ಸಿಡಿಮದ್ದು ಇಟ್ಟರು. ಶೆನ್‌ಜೆನ್ ವಿಶೇಷ ಆರ್ಥಿಕ ವಲಯ ಅಂತ ಕಾನೂನು ಬಂದದ್ದು 1980ರ ಆಗಸ್ಟ್ 26ಕ್ಕೆ. ಕಾನೂನಿಗೆ ಒಂದು ವರ್ಷ ಮೊದಲೇ ಇಲ್ಲಿ ಕೆಲಸ ನಡೆದಿತ್ತು.

ಬಂದರು ಕಟ್ಟೋವಾಗಿನ ಒಂದು ಜಗಳ ಹೇಳಲೇಬೇಕು. ಮಣ್ಣು ಸಾಗಿಸುವ ಲಾರಿಯವರು ದಿನಕ್ಕೆ ಇಪ್ಪತ್ತು ಮೂವತ್ತು ಟ್ರಿಪ್ ಹೊಡೆದು ಕೂರುತ್ತಿದ್ದರು. ಎಷ್ಟು ಹೊಡೆದರೂ ಸಂಬಳ ಅಷ್ಟೇ, ಮತ್ತೆ ಯಾಕೆ ಮೈ ಮುರೀಬೇಕು? 1979ರ ಕೊನೆಗೆ ಹೊಸ ಲೆಕ್ಕ ಬಂತು. ಗೊತ್ತುಮಾಡಿದಷ್ಟು ಟ್ರಿಪ್ ಮುಗಿಸಿದರೆ ಟ್ರಿಪ್ಪಿಗೆ 2 ಫೆನ್ ಬೋನಸ್, ಅದರ ಮೇಲೆ ಹೊಡೆದ ಒಂದೊಂದಕ್ಕೂ 4 ಫೆನ್. ನೂರು ಫೆನ್‌ಗೆ ಒಂದು ಯುವಾನ್, ಅಂದರೆ ನಾಲ್ಕು ಪೈಸೆ ಅಂತಿಟ್ಟುಕೊಳ್ಳಿ. ಲಾರಿಗಳು ಎಂಬತ್ತು ತೊಂಬತ್ತು ಟ್ರಿಪ್ ಓಡಿದವು, ಒಬ್ಬ ನೂರು ದಾಟಿಸಿದ. ಮೇಲಿನವರು "ಇದು ಬಂಡವಾಳಶಾಹಿ ಚಟ" ಅಂತ ನಿಲ್ಲಿಸಿದರು. ತಕ್ಷಣ ಲಾರಿಗಳು ಮತ್ತೆ ಮೊದಲಿನ ನಡಿಗೆಗೆ ಬಂದವು. ನಾಲ್ಕು ಪೈಸೆಯ ಈ ವ್ಯಾಜ್ಯ ಬೀಜಿಂಗ್‌ವರೆಗೂ ಹೋಯಿತು. 1980ರ ಜುಲೈನಲ್ಲಿ ಕಮ್ಯುನಿಸ್ಟ್ ಪಕ್ಷದ ದೊಡ್ಡ ನಾಯಕ ಹೂ ಯಾವೊಬಾಂಗ್ ಅವರೇ ಫೈಲಿನ ಮೇಲೆ ಬರೆದು ಬೋನಸ್ ವಾಪಸ್ ಕೊಡಿಸಿದರು. ಇಂಥ ಚಿಕ್ಕ ಚಿಕ್ಕ ಅನುಮತಿಗಳನ್ನು ಒಂದೊಂದಾಗಿ ಕಿತ್ತುಕೊಂಡೇ ಶೆಕೌ ಬೆಳೆದದ್ದು. 1987ರಲ್ಲಿ ಚೈನಾ ಮರ್ಚಂಟ್ಸ್ ಬ್ಯಾಂಕ್ ಹುಟ್ಟಿದ್ದು ಇಲ್ಲೇ. 1988ರಲ್ಲಿ ಪಿಂಗ್ ಆನ್ ವಿಮಾ ಕಂಪನಿ ಹದಿಮೂರು ಜನರಿಂದ ಶುರುವಾದದ್ದೂ ಇಲ್ಲೇ.

ಈಗ ನಿಮ್ಮ ಹಡಗು. ಅದರ ಹೆಸರು ಮಿಂಗ್‌ಹುವಾ. 1962ರಲ್ಲಿ ಫ್ರಾನ್ಸ್‌ನಲ್ಲಿ ಕಟ್ಟಿದ ಪ್ರಯಾಣಿಕರ ಹಡಗು, ಆಗ ಅದಕ್ಕೆ ಆನ್ಸರ್‌ವಿಲ್ ಅಂತ ಹೆಸರು. 1973ರಲ್ಲಿ ಚೀನಾ ಕೊಂಡಿತು. ಓಡಿ ಓಡಿ ಹಳತಾದ ಮೇಲೆ 1983ರಲ್ಲಿ ಶೆಕೌ ತೀರಕ್ಕೆ ತಂದು ನಿಲ್ಲಿಸಿ ಹೋಟೆಲ್ ಮಾಡಿದರು. ಹೂಡಿಕೆಗೆ ಬರುವ ವಿದೇಶೀಯರಿಗೆ ಉಳಿಯೋಕೆ ಆ ಕಡೆ ಬೇರೆ ಒಳ್ಳೆ ಜಾಗ ಎಲ್ಲಿತ್ತು? 1984ರ ಜನವರಿ 26ರಂದು ಆಗಿನ ಚೀನಾದ ಪರಮೋಚ್ಚ ನಾಯಕ ಡೆಂಗ್ ಶಿಯಾವೊಪಿಂಗ್ ಈ ಹಡಗು ಹತ್ತಿದರು, ಕುಂಚ ಹಿಡಿದು ನಾಲ್ಕು ಅಕ್ಷರ ಬರೆದುಕೊಟ್ಟರು: "ಕಡಲ ಮೇಲಿನ ಲೋಕ". ಆ ಬಡಾವಣೆಗೂ ಮೆಟ್ರೋ ಸ್ಟೇಷನ್ನಿಗೂ ಇವತ್ತು ಅದೇ ಹೆಸರು.

ಹಡಗು ಅಲ್ಲಾಡಲಿಲ್ಲ. ಸಮುದ್ರವೇ ಹಿಂದೆ ಸರಿಯಿತು. ಸರಿಯಿತು ಅನ್ನೋದಕ್ಕಿಂತ ಮಣ್ಣು ಸುರಿದು ಸರಿಸಿದರು. ಹಡಗಿನ ಸುತ್ತ ಒಂದು ಕೊಳ ಉಳಿಸಿದ್ದಾರೆ, ಅದರಾಚೆ ಹೋಟೆಲು, ಬಾರು, ಅಪಾರ್ಟ್‌ಮೆಂಟು. ನಾನ್‌ಶಾನ್‌ನ ನಕ್ಷೆ ಪ್ರತಿ ಹತ್ತು ವರ್ಷಕ್ಕೂ ಬದಲಾಗಿದೆ. ಪಶ್ಚಿಮದ ನೀರಿಗೆ ಚಿಯಾನ್‌ಹೈ, ಅಂದರೆ ಮುಂದಿನ ಕಡಲು. ಪೂರ್ವದ್ದಕ್ಕೆ ಹೌಹೈ, ಹಿಂದಿನ ಕಡಲು. ಇವತ್ತು ಎರಡೂ ಹೆಚ್ಚುಕಮ್ಮಿ ನೆಲ! ಜನ ಈಜಿ ಓಡಿಹೋಗುತ್ತಿದ್ದ, ಸಿಂಪಿ ಬೆಳೆಯುತ್ತಿದ್ದ ಆ ಹಿಂದಿನ ಕಡಲಿನಲ್ಲಿ ಈಗ ಬಿದಿರಿನ ಮೊಳಕೆ ಆಕಾರದ ಒಂದು ಟವರ್ ಇದೆ, 392 ಮೀಟರ್ ಎತ್ತರ, ಚೈನಾ ರಿಸೋರ್ಸಸ್ ಕಂಪನಿಯದು. ಮಗಳ ಫೋಟೊದಲ್ಲಿ ಖಂಡಿತ ಇರುತ್ತದೆ, ನೋಡಿ. ಅದರ ಹತ್ತಿರದಿಂದಲೇ 2007ರ ಜುಲೈ 1ರಿಂದ ಹಾಂಗ್‌ಕಾಂಗ್‌ಗೆ ಸೇತುವೆ. ಪಾಸ್‌ಪೋರ್ಟ್ ತೋರಿಸಿ ಬಸ್ಸಿನಲ್ಲಿ ಹೋಗಬಹುದು.

ನೆಲದ ವ್ಯವಹಾರ ಗೊತ್ತಾಗದೆ ಈ ವೇಗ ಅರ್ಥವಾಗುವುದಿಲ್ಲ. ಚೀನಾದಲ್ಲಿ ನಗರದ ನೆಲ ಸರ್ಕಾರದ್ದು, ಹಳ್ಳಿಯ ನೆಲ ಊರವರೆಲ್ಲರ ಜಂಟಿ ಸ್ವತ್ತು. ಖಾಸಗಿ ಖಾತೆ, ಪಹಣಿ ಅನ್ನೋದು ಇಲ್ಲ. ಸರ್ಕಾರದ ಕೈಯಲ್ಲಿ ನೆಲ ಇತ್ತು, ದುಡ್ಡಿರಲಿಲ್ಲ. ಹಾಂಗ್‌ಕಾಂಗ್‌ನಲ್ಲಿ ಭೋಗ್ಯದ ಪದ್ಧತಿ ಇತ್ತು: ನೆಲ ಮಾರಲ್ಲ, ಇಷ್ಟು ವರ್ಷಕ್ಕೆ ಅಂತ ಹಕ್ಕು ಹರಾಜು ಹಾಕುತ್ತಾರೆ. ಶೆನ್‌ಜೆನ್ ಅದನ್ನೇ ಎತ್ತಿಕೊಂಡಿತು. 1987ರ ಡಿಸೆಂಬರ್ 1ರಂದು 8,588 ಚದರ ಮೀಟರ್ ಜಾಗದ 50 ವರ್ಷದ ಹಕ್ಕು ಬಹಿರಂಗ ಹರಾಜಿನಲ್ಲಿ 52.5 ಲಕ್ಷ ಯುವಾನ್‌ಗೆ ಹೋಯಿತು. ಆಗಿನ ಸಂವಿಧಾನದ ಪ್ರಕಾರ ಇದು ತಪ್ಪು. 1988ರ ಏಪ್ರಿಲ್‌ನಲ್ಲಿ ಸಂವಿಧಾನವನ್ನೇ ತಿದ್ದಿದರು. ಮೊದಲು ಮಾಡು, ಆಮೇಲೆ ಕಾನೂನು ಮಾಡು. ಮುಂದೆ ಚೀನಾದ ನಗರಗಳೆಲ್ಲ ನೆಲದ ಹಕ್ಕು ಹರಾಜು ಹಾಕಿದ ದುಡ್ಡಿನಿಂದಲೇ ರಸ್ತೆ, ಮೆಟ್ರೋ ಕಟ್ಟಿಕೊಂಡವು. ಅದರ ಸಾಲದ ಹೊರೆ ಈಗ ಹಲವು ನಗರಗಳನ್ನು ಕಾಡುತ್ತಿದೆ, ಆ ಮಾತು ಬೇರೆ.

ಹಳ್ಳಿಯವರು ಏನಾದರು ಅಂದಿರಿ. ನನಗೆ ಇಡೀ ಕಥೆಯಲ್ಲಿ ಹೆಚ್ಚು ಇಷ್ಟವಾದ ಭಾಗ ಇದು.

ಸರ್ಕಾರ ಗದ್ದೆ ತೋಟಗಳನ್ನು ತಗೊಂಡಿತು. ಮನೆಗಳಿದ್ದ ಜಾಗ ಬಿಟ್ಟಿತು. ನಮ್ಮ ಗ್ರಾಮಠಾಣಾ ಅಂದುಕೊಳ್ಳಿ. ಸುತ್ತ ನಗರ ಬೆಳೆಯಿತು, ಮಧ್ಯೆ ಹಳ್ಳಿ ಹಾಗೇ ಉಳಿಯಿತು. ದೇಶದ ಮೂಲೆ ಮೂಲೆಯಿಂದ ಲಕ್ಷಾಂತರ ಹುಡುಗ ಹುಡುಗಿಯರು ಕೆಲಸಕ್ಕೆ ಬಂದಿಳಿದರು. ಅವರಿಗೆ ಮನೆ ಕಟ್ಟಿಕೊಡುವ ಯೋಚನೆ ಸರ್ಕಾರಕ್ಕಿರಲಿಲ್ಲ. ಹಳ್ಳಿಯವರಿಗಿತ್ತು. ಹಳೇ ಹೆಂಚಿನ ಮನೆ ಕೆಡವಿ ಅದೇ ಪಾಯದ ಮೇಲೆ ಐದು, ಆರು, ಏಳು ಮಹಡಿ ಎಬ್ಬಿಸಿ ಒಂದೊಂದು ರೂಮು ಬಾಡಿಗೆಗೆ ಬಿಟ್ಟರು. ಪ್ಲಾನ್ ಸ್ಯಾಂಕ್ಷನ್ ಇತ್ಯಾದಿ ಕೇಳಬೇಡಿ. ಎದುರುಬದುರು ಮನೆಗಳ ಕಿಟಕಿಯಿಂದ ಕೈಚಾಚಿದರೆ ಕೈಕುಲುಕಬಹುದು, ಅದಕ್ಕೇ ಅವಕ್ಕೆ "ಕೈಕುಲುಕು ಮನೆ" ಅಂತ ಹೆಸರು. ಓಣಿಯಲ್ಲಿ ತಲೆಯೆತ್ತಿ ನೋಡಿದರೆ ಆಕಾಶ ಒಂದು ಸೀರೆ ಅಂಚಿನಷ್ಟು ಅಗಲ. ಕರೆಂಟ್ ವೈರುಗಳ ಜಡೆ, ಒಣಗದ ಬಟ್ಟೆ, ಕೆಳಗೆ ನೂಡಲ್ಸ್ ಅಂಗಡಿ, ಚಪ್ಪಲಿ ರಿಪೇರಿ, ಹೇರ್ ಕಟಿಂಗ್. ಊರಿನ ಜಂಟಿ ಸ್ವತ್ತು ಷೇರು ಕಂಪನಿಯಾಯಿತು, ಹಳ್ಳಿಯವರೇ ಷೇರುದಾರರು. ನಿನ್ನೆ ಸಿಂಪಿ ಆಯುತ್ತಿದ್ದವರು ಇವತ್ತು ಬಾಡಿಗೆ ಎಣಿಸುವ ಸಾಹುಕಾರರು.

ಇಂಥ ಓಣಿಗಳನ್ನು ಕೊಳೆಗೇರಿ ಅಂತ ಬರೆಯುವವರು ಜಾಸ್ತಿ. ನಾನು ಒಪ್ಪಲ್ಲ. ನಗರಕ್ಕೆ ಮೊದಲ ಸಲ ಬಸ್ಸಿಳಿದವನಿಗೆ ಕೈಗೆಟುಕುವ ಬಾಡಿಗೆಗೆ ಸೂರು ಕೊಟ್ಟದ್ದು ಇವೇ. ಫ್ಯಾಕ್ಟರಿಗಳು ಕಡಿಮೆ ಸಂಬಳಕ್ಕೆ ಕೆಲಸಗಾರರನ್ನು ಪಡೆದದ್ದು, ಆಮೇಲೆ ಸಾಫ್ಟ್‌ವೇರ್ ಕಂಪನಿಗಳು ಹೊಸ ಹುಡುಗರನ್ನು ಪಡೆದದ್ದು ಈ ರೂಮುಗಳ ದಯೆಯಿಂದ. ಬೆಂಗಳೂರಿನ ಐಟಿಗೆ ಪಿಜಿಗಳು ಹೇಗೋ ಹಾಗೆ.

ಬೈಶಿಜೌ ಅಂತ ಇಂಥ ಒಂದು ಹಳ್ಳಿ ಇತ್ತು. ನಾನ್‌ಶಾನ್‌ನ ಅತಿ ದೊಡ್ಡದು. ಸುಮಾರು 2,500 ಕಟ್ಟಡ, ಅಂದಾಜು ಒಂದೂವರೆ ಲಕ್ಷ ಜನ. ಮುಖ್ಯ ರಸ್ತೆಯ ಇನ್ನೊಂದು ಬದಿಯಲ್ಲಿ 1994ರಲ್ಲಿ ತೆರೆದ ಪ್ರವಾಸಿ ಉದ್ಯಾನ, ಲೋಕದ ಅದ್ಭುತಗಳ ಗೊಂಬೆ ರೂಪಗಳು. ಐಫೆಲ್ ಗೋಪುರ 108 ಮೀಟರ್, ಜೊತೆಗೊಂದು ಪುಟ್ಟ ತಾಜ್‌ಮಹಲ್ ಕೂಡ. ಈ ಬದಿ ಮಾಳಿಗೆ ಮೇಲೆ ಬಟ್ಟೆ ಒಣಗಿಸುತ್ತಾ ಆ ಬದಿಯ ಐಫೆಲ್ ನೋಡಬಹುದಿತ್ತು. 2019ರಲ್ಲಿ ಬೈಶಿಜೌ ಖಾಲಿ ಮಾಡಿಸಲು ಶುರುಮಾಡಿದರು. ಮನೆ ಮಾಲೀಕರಿಗೆ ಹೊಸ ಫ್ಲ್ಯಾಟುಗಳು, ಕೆಲವರು ಕೋಟಿಗಟ್ಟಲೆ ಆಸ್ತಿವಂತರಾದರು. ಬಾಡಿಗೆಯವರಿಗೆ ಸಿಕ್ಕಿದ್ದು ನೋಟಿಸ್. ಅಲ್ಲಿ ಹುಕೌ ಅಂತ ಒಂದು ವಾಸದ ನೋಂದಣಿ ಇದೆ. ಹುಟ್ಟೂರಿನ ಹುಕೌ ಇಟ್ಟುಕೊಂಡವರಿಗೆ ನಗರದ ಶಾಲೆಯಲ್ಲಿ ಸೀಟು ಸಿಗುವುದೇ ಕಷ್ಟ, ಬಾಡಿಗೆ ಕರಾರು ಪತ್ರವೂ ಹೋದರೆ ಇನ್ನೂ ಕಷ್ಟ. ಮಕ್ಕಳ ಶಾಲೆಗೋಸ್ಕರ ಅಪ್ಪ ಅಮ್ಮಂದಿರು ಅಧಿಕಾರಿಗಳ ಮುಂದೆ ನಿಂತು ಕೇಳಿದರು. ಕಟ್ಟಡಗಳು ಬಿದ್ದವು.

ನಾನ್‌ಟೌ ಕೋಟೆ ಒಳಗಿನ ಓಣಿಗಳ ಹಣೆಬರಹ ಬೇರೆಯಾಯಿತು. 2017ರಲ್ಲಿ ಅಲ್ಲಿ ವಾಸ್ತುಶಿಲ್ಪದ ದೊಡ್ಡ ಪ್ರದರ್ಶನ ನಡೆಯಿತು, 2020ರ ಹೊತ್ತಿಗೆ ಮುಖ್ಯ ಬೀದಿ ಹೊಸ ಬಣ್ಣ ಕಂಡಿತು. ಕೆಡವಲಿಲ್ಲ, ಅಷ್ಟು ಪುಣ್ಯ. ಆದರೆ ತರಕಾರಿ ಅಂಗಡಿ ಇದ್ದಲ್ಲಿ ಕಾಫಿ ಶಾಪ್ ಬಂತು, ಬಾಡಿಗೆಯೂ ಏರಿತು.

ಟವರ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ಎಲ್ಲರೂ ಬರೆಯುವುದೇ. 1983ರಲ್ಲಿ ಶೆನ್‌ಜೆನ್ ವಿಶ್ವವಿದ್ಯಾಲಯ, 1985ರಲ್ಲಿ ಚೀನಾದ ಮೊದಲ ವಿಜ್ಞಾನ ಪಾರ್ಕ್ ಬಂದದ್ದು ನಾನ್‌ಶಾನ್‌ಗೆ. ಅದೇ ವಿಶ್ವವಿದ್ಯಾಲಯದಲ್ಲಿ ಓದಿದ ಮಾ ಹುವಾಟೆಂಗ್ ಗೆಳೆಯರ ಜೊತೆ 1998ರಲ್ಲಿ ಟೆನ್ಸೆಂಟ್ ಅನ್ನೋ ಇಂಟರ್ನೆಟ್ ಕಂಪನಿ ಕಟ್ಟಿದರು. ಟೆಲಿಕಾಂ ಉಪಕರಣದ ಜೆಡ್‌ಟಿಇ, ಡ್ರೋನ್ ಮಾಡುವ ಡಿಜೆಐ ಎಲ್ಲ ಈ ಜಿಲ್ಲೆಯವೇ. ಅಮೆರಿಕ ಚೀನಾ ವ್ಯಾಪಾರದ ಜಗಳ ಜೋರಾಗಿದ್ದಾಗ ಅಲ್ಲಿನವರು ಒಂದು ಜೋಕ್ ಮಾಡುತ್ತಿದ್ದರು: "ಅಮೆರಿಕ ಹೊಡೆದಾಡ್ತಿರೋದು ಚೀನಾ ಜೊತೆ ಅಲ್ಲ, ನಾನ್‌ಶಾನ್‌ನ ಯುಯೆಹೈ ವಾರ್ಡ್ ಆಫೀಸ್ ಜೊತೆ." ಇಂಥ ಹಲವು ಕಂಪನಿಗಳು ಇದ್ದದ್ದು ಆ ಒಂದು ವಾರ್ಡಿನಲ್ಲಿ. 2022ರಲ್ಲಿ ಈ ಒಂದು ಜಿಲ್ಲೆಯ ವರ್ಷದ ಉತ್ಪನ್ನ 80 ಸಾವಿರ ಕೋಟಿ ಯುವಾನ್ ದಾಟಿತ್ತು.

ನೆನಪಿಡಬೇಕಾದ್ದು ಇನ್ನೊಂದಿದೆ. ಇಷ್ಟೆಲ್ಲ ನಡೆದದ್ದು ಬೇಲಿಯ ಒಳಗೆ. ವಿಶೇಷ ವಲಯದ ಸುತ್ತ ಸುಮಾರು 85 ಕಿಲೋಮೀಟರ್ ಮುಳ್ಳುತಂತಿ ಹಾಕಿದ್ದರು. ಚೀನಾದವರೇ ಒಳಗೆ ಬರಬೇಕಾದರೂ ಪಾಸ್ ಬೇಕಿತ್ತು. ಪಾಸಿಲ್ಲದವರು ಬೇಲಿಯಾಚೆ ಇದ್ದು ದುಡಿದರು. ಆ ಗಡಿಯನ್ನು ಅಧಿಕೃತವಾಗಿ ತೆಗೆದುಹಾಕಿದ್ದು 2018ರಲ್ಲಿ.

ಯುವಾನ್ ಗೆಂಗ್ 2016ರ ಜನವರಿಯಲ್ಲಿ ತೀರಿಕೊಂಡರು, ಶೆಕೌನಲ್ಲೇ, 98 ವರ್ಷಕ್ಕೆ.

ಮಗಳಿಗೆ ಒಂದು ಭಾನುವಾರ ಬಿಡುವಿದ್ದರೆ ಹೀಗೆ ಸುತ್ತಲು ಹೇಳಿ. ಬೆಳಗ್ಗೆ ನಾನ್‌ಟೌ ಕೋಟೆಯ ದಕ್ಷಿಣ ಬಾಗಿಲು. ಮುಖ್ಯ ಬೀದಿ ಬಿಟ್ಟು ಪಕ್ಕದ ಓಣಿಗೆ ನುಗ್ಗಲಿ, ಕೈಕುಲುಕು ಮನೆಗಳು ಇನ್ನೂ ಇವೆ. ಮಧ್ಯಾಹ್ನ ತುದಿಯ ಚಿವಾನ್‌ಗೆ ಹೋದರೆ ಸಮುದ್ರ ತಾಯಿಯ ಹಳೆಯ ಗುಡಿ ಇದೆ. ಹತ್ತಿರದಲ್ಲೇ 1279ರಲ್ಲಿ ಮಂಗೋಲರಿಂದ ತಪ್ಪಿಸಿಕೊಳ್ಳಲಾಗದೆ ನೀರುಪಾಲಾದ ಸುಂಗ್ ವಂಶದ ಬಾಲ ಅರಸನದ್ದು ಅಂತ ನಂಬುವ ಸಮಾಧಿ. ಸಂಜೆ ಹಡಗಿನ ಹತ್ತಿರ ಬಂದು, ಅಲ್ಲಿಂದ ನಿಜವಾದ ನೀರಿನವರೆಗೆ ಎಷ್ಟು ಹೆಜ್ಜೆ ಆಗುತ್ತೆ ಅಂತ ಎಣಿಸಿಕೊಂಡು ಹೋಗಲಿ. ಲೆಕ್ಕ ಸಿಕ್ಕರೆ ನನಗೂ ತಿಳಿಸಿ.